ಜೆನ್ನಿ ಕೆರೆಯ ದೋಣಿ: ಹತ್ತುವ ಮುಂಚೆ ಕೋಡಿ ನೋಡಿ

ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಜೆನ್ನಿ ಕೆರೆಯ ದೋಣಿ ಚೆನ್ನಾಗಿದೆ. ಹತ್ತಿಸುವ ಹುಡುಗ ಹುಡುಗಿಯರು ನಗುತ್ತಾ ಮಾತಾಡಿಸುತ್ತಾರೆ. ಲೈಫ್ ಜಾಕೆಟ್ ಒದ್ದೆ ಇರಲಿಲ್ಲ, ನಾತವೂ ಇರಲಿಲ್ಲ. ಹತ್ತು ಹದಿನೈದು ನಿಮಿಷದಲ್ಲಿ ಆಚೆ ದಡ. ಇಷ್ಟೇ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಿ ಟಿಕೆಟ್ ತಗೊಳ್ಳಬಹುದು.

ನನಗೆ ಹೇಳುವುದು ಇನ್ನೂ ಇದೆ. ಯಾಕಂದ್ರೆ ಆ ದೋಣಿಯಲ್ಲಿ ನನ್ನ ಜೊತೆ ಕೂತಿದ್ದವರೆಲ್ಲ ಬೆಟ್ಟದ ಕಡೆ ಫೋನ್ ಹಿಡಿದಿದ್ದರು. ಕೆರೆ ಏರಿಯ ಕಡೆ ತಿರುಗಿ ನೋಡಿದವನು ನಾನೊಬ್ಬನೇ. ನಮ್ಮದು ಕೋಲಾರದಿಂದ ಹನ್ನೆರಡು ಕಿಲೋಮೀಟರ್ ದೂರದ ಹಳ್ಳಿ. ನಾನು ಟೊಮೇಟೊ, ರಾಗಿ ಬೆಳೆಯುವವನು. ನಮ್ಮ ತಾತ ಊರಿನ ನೀರುಗಂಟಿ, ಕೆರೆ ಕಾಯ್ದು ಗದ್ದೆಗಳಿಗೆ ನೀರು ಬಿಡುವವರು. ಕೆರೆ ಅಂದ್ರೆ ನಮ್ಮ ಮನೆಯಲ್ಲಿ ಮೊದಲು ಏರಿ, ಆಮೇಲೆ ಗದ್ದೆಗೆ ನೀರು ಬಿಡುವ ತೂಬು, ಆಮೇಲೆ ಕೋಡಿ, ಕೊನೆಗೆ ನೀರು.

ಮಗಳು ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿದ್ದಾಳೆ. ಹೋದ ವರ್ಷ ಜೂನ್ ಕೊನೆಯಲ್ಲಿ ನಾನೂ ನಮ್ಮ ಮನೆಯವಳೂ ಅಲ್ಲಿಗೆ ಹೋಗಿದ್ದೆವು. ಈಗ ನಮ್ಮ ಜಿಲ್ಲೆಯಲ್ಲಿ ಬೀದಿಗೊಂದು ಮನೆಯ ಮಕ್ಕಳು ಹೊರದೇಶದಲ್ಲಿದ್ದಾರೆ, ಅಪ್ಪ ಅಮ್ಮಂದಿರು ಆರು ತಿಂಗಳು ಹೋಗಿ ಬರುತ್ತಾರೆ. ಹಾಗೆ ಹೋಗುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಸಾಲ್ಟ್ ಲೇಕ್ ಸಿಟಿಗೆ ಆ ಹೆಸರು ಬಂದಿದ್ದು ಪಕ್ಕದಲ್ಲಿರುವ ಉಪ್ಪಿನ ಕೆರೆಯಿಂದ. ಮೂರು ನದಿಗಳು ಅದಕ್ಕೆ ಬಂದು ಸೇರುತ್ತವೆ. ಹೊರಗೆ ಹೋಗುವ ದಾರಿ ಮಾತ್ರ ಇಲ್ಲ. ನೀರು ಬಿಸಿಲಿಗೆ ಆವಿಯಾಗುತ್ತೆ, ನದಿಗಳು ತಂದ ಉಪ್ಪು ಅಲ್ಲೇ ಉಳಿಯುತ್ತೆ. ಸಾವಿರಾರು ವರ್ಷ ಹೀಗೇ ಆಗಿ ಸಮುದ್ರಕ್ಕಿಂತ ಉಪ್ಪಾಗಿದೆ. ದಡದಲ್ಲಿ ನಿಂತು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದೆ. ಮೊಮ್ಮಗಳು ಮುಖ ಸಿಂಡರಿಸಿದಳು. "ಕೋಡಿ ಇಲ್ಲದ ಕೆರೆ ಕಣಮ್ಮಾ ಇದು" ಅಂದೆ. "ಕೋಡಿ ಅಂದ್ರೆ ಏನು ತಾತಾ?" ಅಂದಳು. ಎಂಟು ವರ್ಷದ ಹುಡುಗಿ. ಕನ್ನಡ ಬರುತ್ತೆ, ಕೋಡಿ ಗೊತ್ತಿಲ್ಲ. ಎಲ್ಲಿ ಗೊತ್ತಿರಬೇಕು? ತುಂಬಿ ಹೆಚ್ಚಾದ ನೀರು ಏರಿ ಒಡೆಯದೆ ಹೊರಗೆ ಹೋಗೋಕೆ ಬಿಟ್ಟಿರೋ ದಾರಿ ಅಂತ ಹೇಳಿದೆ. ಅರ್ಥ ಆದಂತೆ ಕಾಣಲಿಲ್ಲ. ಆಗ ಮಗಳು, "ಅಪ್ಪಾ, ನಿಮಗೆ ಕೋಡಿ ಇರೋ ಕೆರೆ ತೋರಿಸ್ತೀನಿ ಬನ್ನಿ" ಅಂದಳು.

ಅದು ಜೆನ್ನಿ ಲೇಕ್. ವಯೋಮಿಂಗ್ ರಾಜ್ಯದ ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನದಲ್ಲಿದೆ. ಕಾರಲ್ಲಿ ಐದು ಗಂಟೆ ದಾರಿ. ಸರೋವರ ಅಂತ ಬರೆಯಬೇಕಿತ್ತೇನೋ. ನನ್ನ ಬಾಯಿಗೆ ಬರುವುದು ಕೆರೆ, ಕೆರೆ ಅಂತಲೇ ಬರೆಯುತ್ತೇನೆ.

ಹೋಗುವ ಹೊತ್ತಿನ ಬಗ್ಗೆ ಒಂದು ಮಾತು. ಬೇಸಿಗೆಯಲ್ಲಿ ಬೆಳಗ್ಗೆ ಒಂಬತ್ತರ ಹೊತ್ತಿಗೆಲ್ಲ ಕಾರು ನಿಲ್ಲಿಸೋಕೆ ಜಾಗ ಇರಲ್ಲ. ನಾವು ಏಳಕ್ಕೇ ಹೋದೆವು. ಜೂನ್ ತಿಂಗಳಲ್ಲೂ ಹಲ್ಲು ಕಟಕಟ ಅನ್ನುವ ಚಳಿ. ಕೆರೆ ಇರುವುದೇ ಸಮುದ್ರಮಟ್ಟದಿಂದ 2,067 ಮೀಟರ್ ಎತ್ತರದಲ್ಲಿ. ನಮ್ಮ ನಂದಿಬೆಟ್ಟ 1,478 ಮೀಟರ್. ನಂದಿ ತುದಿಯಲ್ಲಿ ನಿಂತು ಇನ್ನೂ ಆರುನೂರು ಮೀಟರ್ ಮೇಲೆ ಒಂದು ಕೆರೆ ಇದೆ ಅಂದುಕೊಳ್ಳಿ. ನಮ್ಮ ಮನೆಯವಳು ರೇಷ್ಮೆ ಸೀರೆಯ ಮೇಲೆ ಅಳಿಯನ ಜಾಕೆಟ್ ಹಾಕಿಕೊಂಡಿದ್ದಳು. ಯಾರೂ ತಿರುಗಿ ನೋಡಲಿಲ್ಲ. ಅಮೆರಿಕದಲ್ಲಿ ನನಗೆ ಇಷ್ಟವಾದ ವಿಷಯಗಳಲ್ಲಿ ಇದೂ ಒಂದು.

ದೋಣಿ ಕಟ್ಟೆಗೆ ಹೋಗಬೇಕಾದರೆ ಒಂದು ಮರದ ಸೇತುವೆ ದಾಟಬೇಕು. ಎಲ್ಲರೂ ದೋಣಿಯ ಸಾಲಿಗೆ ಅಂತ ದಬದಬ ದಾಟಿ ಹೋಗುತ್ತಾರೆ. ನಾನು ಸೇತುವೆ ನಡುವೆ ನಿಂತುಬಿಟ್ಟೆ. ಕೆಳಗೆ ಹರಿಯುತ್ತಿತ್ತಲ್ಲ, ಅದೇ ಕೋಡಿ! ಒಂದು ಕಡೆ ತಿರುಗಿದರೆ ಕೆರೆ, ಕನ್ನಡಿ ಹಾಗೆ. ಇನ್ನೊಂದು ಕಡೆ ತಿರುಗಿದರೆ ಕಲ್ಲುಗಳ ಮೇಲೆ ಜುಳುಜುಳು ಅಂತ ಓಡುವ ಹಳ್ಳ. ಕಾಟನ್‌ವುಡ್ ಕ್ರೀಕ್ ಅಂತ ಅದರ ಹೆಸರು. ಮುಂದೆ ಸ್ನೇಕ್ ನದಿ ಸೇರುತ್ತೆ, ಅಲ್ಲಿಂದ ಕೊಲಂಬಿಯಾ ನದಿ, ಕೊನೆಗೆ ಪೆಸಿಫಿಕ್ ಸಮುದ್ರ. ನಿಂತ ನೀರು ಓಡುವ ನೀರಾಗುವ ಆ ಜಾಗದಲ್ಲಿ ಮೇಲ್ಮೈ ಸ್ವಲ್ಪ ಬಾಗುತ್ತೆ, ಗಾಜನ್ನು ಬಗ್ಗಿಸಿದ ಹಾಗೆ. ನೀರು ಎಷ್ಟು ತಿಳಿ ಅಂದ್ರೆ ಆ ಬಾಗಿನ ಕೆಳಗಿನ ಒಂದೊಂದು ಕಲ್ಲೂ ಎಣಿಸಬಹುದು. ಬೂದು ಕಲ್ಲು, ಬಿಳಿ ಪಟ್ಟೆ ಕಲ್ಲು, ಒಂದು ಗುಲಾಬಿ ಕಲ್ಲು. "ಇದು ಕಣಮ್ಮಾ ಕೋಡಿ" ಅಂತ ಮೊಮ್ಮಗಳಿಗೆ ತೋರಿಸಿದೆ. ಅವಳು ಕಂಬಿಯ ಸಂದಿಯಿಂದ ಬಗ್ಗಿ ನೋಡಿ, "ಓ, ಓವರ್‌ಫ್ಲೋ!" ಅಂದಳು. ಸರಿ, ಅದೇ.

2021ರ ನವೆಂಬರ್ ಮಳೆಗೆ ನಮ್ಮ ಕಡೆಯ ಕೆರೆಗಳು ಎಷ್ಟೋ ವರ್ಷಗಳ ಮೇಲೆ ಕೋಡಿ ಹರಿದಾಗ ಊರಿಗೆ ಊರೇ ಹೋಗಿ ನಿಂತಿತ್ತು. ಗಂಗಮ್ಮನಿಗೆ ಪೂಜೆ ಮಾಡಿ ದೀಪ ಬಿಟ್ಟಿದ್ದರು. ಹುಡುಗರು ಕೋಡಿ ನೀರಿಗೆ ಬಿದ್ದು ಕುಣಿದಿದ್ದರು. ಇಲ್ಲಿ ವರ್ಷಾ ವರ್ಷಾ ಕೋಡಿ. ಅದಕ್ಕೇ ಇರಬೇಕು, ಯಾರೂ ನಿಲ್ಲಲ್ಲ.

ಟಿಕೆಟ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಆಚೆ ದಡಕ್ಕೆ ಬಿಡುವ ದೋಣಿಗೆ ಮುಂಗಡ ಬುಕಿಂಗ್ ಇಲ್ಲ, ಮೊದಲು ಬಂದವರಿಗೆ ಮೊದಲು. ಒಂದು ಕಡೆಯದ್ದೂ ಕೊಡುತ್ತಾರೆ, ಹೋಗಿಬರುವುದನ್ನೂ ಕೊಡುತ್ತಾರೆ. ಮಕ್ಕಳಿಗೆ ಕಡಿಮೆ. ದರ ಬದಲಾಗುತ್ತಿರುತ್ತೆ, ಹೋದ ದಿನ ಬೋರ್ಡ್ ನೋಡಿಕೊಳ್ಳಿ. ಕೆರೆಯೆಲ್ಲ ಸುತ್ತಿಸಿ ವಿವರ ಹೇಳುವ ಒಂದು ಗಂಟೆಯ ದೋಣಿ ಬೇರೆ ಇದೆ, ಅದಕ್ಕೆ ಮೊದಲೇ ಬುಕ್ ಮಾಡಿಕೊಳ್ಳುವುದು ಒಳ್ಳೆಯದು. ದೋಣಿ ಓಡುವುದು ಮೇ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಮಾತ್ರ. ಚಳಿಗಾಲದಲ್ಲಿ ಕೆರೆ ಪೂರ್ತಿ ಹೆಪ್ಪುಗಟ್ಟುತ್ತೆ. ಸಂಜೆಯ ಕೊನೇ ದೋಣಿ ತಪ್ಪಿದರೆ ನಡೆಯುವುದೇ ಗತಿ.

ದೋಣಿ ಪಶ್ಚಿಮಕ್ಕೆ ಹೋಗುತ್ತೆ, ನೇರ ಬೆಟ್ಟದ ಬುಡಕ್ಕೆ. ಈ ಬೆಟ್ಟಸಾಲಿಗೆ ಪಾದ ಅನ್ನುವುದೇ ಇಲ್ಲ. ನಮ್ಮ ಅಂತರಗಂಗೆ ಬೆಟ್ಟ ಹತ್ತಬೇಕಾದರೆ ಮೊದಲು ದಿಣ್ಣೆ, ಆಮೇಲೆ ಬಂಡೆ, ಹೀಗೆ ಮೆಲ್ಲಗೆ ಏರುತ್ತೆ. ಇದು ಗೋಡೆ. ಭೂಮಿ ಬಿರುಕು ಬಿಟ್ಟು ಒಂದು ಕಡೆ ಮೇಲೆದ್ದು ಇನ್ನೊಂದು ಕಡೆ ಕುಸಿದದ್ದರಿಂದ ಹಾಗೆ. ಅತಿ ಎತ್ತರದ ಗ್ರ್ಯಾಂಡ್ ಟೀಟನ್ ಶಿಖರ 4,199 ಮೀಟರ್. ಆದರೆ ದೋಣಿಯಿಂದ ಎಡಕ್ಕೆ ದೊಡ್ಡದಾಗಿ ಕಾಣುವುದು ಅದಲ್ಲ, ಮುಂದೆ ನಿಂತಿರುವ ಟೀವಿನಾಟ್. ಪಕ್ಕದಲ್ಲಿ ಕೂತಿದ್ದವರು ಅದಕ್ಕೇ "ಗ್ರ್ಯಾಂಡ್ ಟೀಟನ್, ಗ್ರ್ಯಾಂಡ್ ಟೀಟನ್" ಅಂತ ಫೋಟೊ ಹೊಡೆದುಕೊಂಡರು. ಮಗಳು ತಿದ್ದಲು ಹೋದಳು, ನಾನು ಸುಮ್ನಿರು ಅಂದೆ.

ಟೀವಿನಾಟ್ ಪಕ್ಕದಲ್ಲಿ ಬೆಟ್ಟ ಸೀಳಿದಂತೆ ಒಂದು ಕಣಿವೆ. ಕ್ಯಾಸ್ಕೇಡ್ ಕ್ಯಾನ್ಯನ್. ಈ ಕೆರೆ ಕಟ್ಟಿದ ಮೇಸ್ತ್ರಿ ಬಂದದ್ದು ಅಲ್ಲಿಂದ.

ಮೇಸ್ತ್ರಿ ಅಂದ್ರೆ ಐಸ್. ಹಿಂದೊಂದು ಕಾಲದಲ್ಲಿ ಇಲ್ಲಿ ವಿಪರೀತ ಚಳಿ ಇತ್ತು. ಮೇಲೆ ಬಿದ್ದ ಹಿಮ ಬೇಸಿಗೆಯಲ್ಲೂ ಕರಗುತ್ತಿರಲಿಲ್ಲ. ವರ್ಷದ ಮೇಲೆ ವರ್ಷದ ಹಿಮ ಕೂತು, ಅದುಮಿ ಗಟ್ಟಿಯಾಗಿ, ತನ್ನ ಭಾರಕ್ಕೆ ತಾನೇ ಕಣಿವೆಯೊಳಗೆ ಜಾರತೊಡಗಿತು. ದಿನಕ್ಕೆ ಇಷ್ಟಿಷ್ಟೇ. ಜಾರುವಾಗ ತಳದ ಬಂಡೆ ಕಿತ್ತಿತು, ಪಕ್ಕದ ಬಂಡೆ ಉಜ್ಜಿತು, ಮೇಲಿಂದ ಉರುಳಿದ್ದನ್ನೆಲ್ಲ ಹೊತ್ತುಕೊಂಡಿತು. ಕಣಿವೆಯ ಬಾಯಿಗೆ ಬಂದು ಬಯಲಿಗೆ ಕಾಲು ಚಾಚಿತು. ಅಲ್ಲಿ ಬಿಸಿ ಜಾಸ್ತಿ, ತುದಿ ಕರಗಿತು. ಐಸ್ ನೀರಾಗಿ ಹೋಯಿತು, ಹೊತ್ತು ತಂದ ಕಲ್ಲು ಮಣ್ಣು ಅಲ್ಲೇ ಬಿತ್ತು.

ಜೆಸಿಬಿ ಮಣ್ಣು ತಳ್ಳಿ ಗುಡ್ಡೆ ಮಾಡುತ್ತಲ್ಲ, ಹಾಗೆ ಅಂದುಕೊಂಡಿದ್ದೆ. ಅಲ್ಲಿನ ರೇಂಜರ್ ಹೆಣ್ಣುಮಗಳು ಅಷ್ಟೇ ಅಲ್ಲ ಅಂದಳು. ಐಸಿನ ತುದಿ ಎಷ್ಟೋ ಕಾಲ ಒಂದೇ ಕಡೆ ನಿಂತಿರುತ್ತೆ. ಹಿಂದಿನಿಂದ ಬರುವಷ್ಟೂ ಮುಂದೆ ಕರಗುತ್ತೆ. ತುದಿ ಕದಲಲ್ಲ, ಆದರೆ ಒಳಗೆ ಐಸ್ ಬರುತ್ತಲೇ ಇರುತ್ತೆ, ಕಲ್ಲು ತಂದು ಸುರಿಯುತ್ತಲೇ ಇರುತ್ತೆ. ಮಗಳು ಕನ್ನಡದಲ್ಲಿ ಹೇಳಿದಾಗ ನನಗೆ ಥಟ್ಟನೆ ಹೊಳೆಯಿತು. ಇದು ಜೆಸಿಬಿ ಕೆಲಸ ಅಲ್ಲ, ಮಂಕರಿ ಕೆಲಸ. ಹಿಂದೆ ನಮ್ಮ ಕೆರೆ ಏರಿ ಎದ್ದಿದ್ದೂ ಹಾಗೇ. ಆಳುಗಳ ಸಾಲು, ತಲೆಯ ಮೇಲೊಂದೊಂದು ಮಂಕರಿ ಮಣ್ಣು, ಎಲ್ಲರೂ ಬಂದು ಒಂದೇ ಗೆರೆಯಲ್ಲಿ ಸುರಿದು ವಾಪಸ್. ಸಾಲು ನಿಂತಲ್ಲೇ ನಿಂತಂತೆ ಕಾಣುತ್ತೆ, ಏರಿ ಏಳುತ್ತೆ.

12ರಿಂದ 15 ಸಾವಿರ ವರ್ಷಗಳ ಹಿಂದೆ ಚಳಿ ಕಡಿಮೆಯಾಗಿ ಐಸ್ ಹಿಂದೆ ಸರಿಯಿತು. ಅದು ಕೊರೆದ ಗುಂಡಿ ಉಳಿಯಿತು, ಮುಂದೆ ಅರ್ಧಚಂದ್ರದ ಹಾಗೆ ಏರಿ ಉಳಿಯಿತು. ಗುಂಡಿ ತುಂಬಿತು. ಸುಮಾರು 1,200 ಎಕರೆ ನೀರು. ಎಲ್ಲೋ ಒಂದು ತಗ್ಗಿನಲ್ಲಿ ಏರಿಯನ್ನು ಕೊರೆದುಕೊಂಡು ಕೋಡಿಯನ್ನೂ ತಾನೇ ಮಾಡಿಕೊಂಡಿತು. ಇಂಥ ಏರಿಗೆ ಇಂಗ್ಲಿಷಿನಲ್ಲಿ ಮೊರೇನ್ ಅನ್ನುತ್ತಾರೆ. ನಾನು ಏರಿ ಅಂತಲೇ ಕರೆಯುತ್ತೇನೆ.

ಅಲ್ಲಿ ಇದು ಒಂದೇ ಕೆರೆ ಅಲ್ಲ. ಬೆಟ್ಟಸಾಲಿನ ಬುಡದಲ್ಲಿ ಕಣಿವೆಗೊಂದು ಇಂಥ ಕೆರೆ. ಫೆಲ್ಪ್ಸ್, ಟ್ಯಾಗರ್ಟ್, ಬ್ರ್ಯಾಡ್ಲಿ, ಜೆನ್ನಿ, ಸ್ಟ್ರಿಂಗ್, ಲೀ. 1929ರಲ್ಲಿ ಈ ಉದ್ಯಾನ ಮಾಡಿದಾಗ ಶಿಖರಗಳ ಜೊತೆ ಈ ಆರು ಕೆರೆಗಳನ್ನೇ ಸೇರಿಸಿದ್ದಂತೆ. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು, ಲೀ ಕೆರೆಯ ನೀರು ಸ್ಟ್ರಿಂಗ್ ಕೆರೆಗೆ ಬರುತ್ತೆ, ಸ್ಟ್ರಿಂಗ್ ಕೆರೆಯ ನೀರು ಜೆನ್ನಿಗೆ. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಕಾಲುವೆ. ಅಯ್ಯೋ, ಇದು ನಮ್ಮದೇ ಲೆಕ್ಕ ಅಲ್ವಾ! ಪಾಲಾರ್ ಬಯಲಿನ ಸರಣಿ ಕೆರೆಗಳು ಕೆಲಸ ಮಾಡುವುದೂ ಹೀಗೇ. 2018ರಲ್ಲಿ ಬೆಂಗಳೂರಿನ ಕೊಳಚೆ ಶುದ್ಧಮಾಡಿ ಬಿಟ್ಟ ಕೆ.ಸಿ. ವ್ಯಾಲಿ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂದು, ಅದು ತುಂಬಿ ಮುಂದಿನದಕ್ಕೆ, ಅದು ತುಂಬಿ ಅದರ ಮುಂದಿನದಕ್ಕೆ ಹೋದದ್ದು ನಾವೆಲ್ಲ ನೋಡಿದ್ದೇವೆ. ನಮ್ಮ ಹಿರಿಯರು ಲೆಕ್ಕ ಹಾಕಿ ಮಾಡಿದ್ದನ್ನು ಇಲ್ಲಿ ಐಸ್ ಯಾರನ್ನೂ ಕೇಳದೆ ಮಾಡಿಟ್ಟಿದೆ.

ದೋಣಿ ಇಳಿದು ಹಿಡನ್ ಫಾಲ್ಸ್ ನೋಡಿದೆವು. ಅರ್ಧ ಮೈಲಿಯ ಏರು. ಸುಮಾರು ನೂರು ಅಡಿ ಜಲಪಾತ, ಹಿಮ ಕರಗುವ ಕಾಲ ಆದ್ದರಿಂದ ಭೋರ್ಗರೆತ, ಮೈಮೇಲೆಲ್ಲ ತುಂತುರು. ಚೆನ್ನಾಗಿದೆ. ಎಲ್ಲರೂ ಹೋಗುವುದೇ ಅಲ್ಲಿಗೆ, ಎಲ್ಲರೂ ಬರೆಯುವುದೇ ಅದನ್ನು, ಹಾಗಾಗಿ ನಾನು ಬಿಡುತ್ತೇನೆ.

ಅದಕ್ಕಿಂತ ಮೇಲೆ ಇನ್ಸ್ಪಿರೇಷನ್ ಪಾಯಿಂಟ್ ಅಂತ ಒಂದು ಬಂಡೆ. ಅಲ್ಲಿಗೆ ಹತ್ತಲೇಬೇಕು. ಇಲ್ಲಿ ನನ್ನ ಬೂಟಿನ ಕಥೆ ಹೇಳಬೇಕು. ಅಮೆರಿಕದಲ್ಲಿ ಬೂಟು ದುಬಾರಿ ಅಂತ ಹೊರಡುವ ಮುಂಚೆ ನಮ್ಮ ಪೇಟೆಯ ಒಂದು ಅಂಗಡಿಯಲ್ಲಿ ತಗೊಂಡಿದ್ದೆ. "ಬೆಟ್ಟ ಹತ್ತೋಕೆ ಇದೇ ಸಾರ್, ಕಣ್ಣು ಮುಚ್ಕೊಂಡು ತಗೊಳ್ಳಿ" ಅಂದಿದ್ದರು. ಕಣ್ಣು ಮುಚ್ಚಿಕೊಂಡೇ ತಗೊಂಡೆ, ಅದೇ ತಪ್ಪಾಯಿತು. ಜಲಪಾತದ ತುಂತುರಿಗೆ ಒದ್ದೆಯಾಗಿ ಬಲಗಾಲಿನ ಅಟ್ಟೆ ಮುಂದಿನಿಂದ ಬಾಯಿ ಬಿಟ್ಟಿತು. ಒಂದೊಂದು ಹೆಜ್ಜೆಗೂ ಚಪ್ ಚಪ್ ಅನ್ನುತ್ತೆ, ಮೊಸಳೆ ಹಾಗೆ. ಮೊಮ್ಮಗಳಿಗೆ ನಗುವೋ ನಗು. ನಮ್ಮ ಮನೆಯವಳು ತಲೆಗೂದಲಿನ ರಬ್ಬರ್ ಬ್ಯಾಂಡು ಎರಡು ತೆಗೆದು ಬೂಟಿಗೆ ಸುತ್ತಿದಳು. "ರೀ, ಇಲ್ಲೇ ಕೂತ್ಕೊಳ್ರೀ, ನಾವು ಹೋಗಿ ಬರ್ತೀವಿ" ಅಂದಳು. ನಾನು ಬಿಡಲಿಲ್ಲ. ರಬ್ಬರ್ ಬ್ಯಾಂಡಲ್ಲೇ ಹತ್ತಿದೆ.

ಮೇಲೆ ಕೂತು ಉಸಿರು ತಗೊಳ್ಳುವಾಗ ಬಂಡೆ ಸವರಿದೆ. ಒಂದು ಕಡೆ ನುಣ್ಣಗೆ, ರುಬ್ಬುಗುಂಡಿನ ಮೈ ಹಾಗೆ. ನಡುವೆ ಉದ್ದುದ್ದ ಗೀರುಗಳು, ಎಲ್ಲ ಒಂದೇ ದಿಕ್ಕಿಗೆ. ಐಸಿನ ಅಡಿಯಲ್ಲಿ ಸಿಕ್ಕಿದ ಕಲ್ಲುಗಳು ಎಳೆದ ಗೀರು. ಬೆರಳು ಅದರಲ್ಲಿ ಇಟ್ಟು ಎಳೆದರೆ ಕಣಿವೆಯಿಂದ ಕೆರೆಯ ಕಡೆಗೆ ಹೋಗುತ್ತೆ. ನಮ್ಮ ಕೋಲಾರದ ಬಂಡೆಗಳೂ ಗುಂಡಗಿವೆ, ಆದರೆ ಅದು ಬಿಸಿಲು ಮಳೆಗೆ ಈರುಳ್ಳಿ ಸಿಪ್ಪೆ ಹಾಗೆ ಪದರ ಪದರ ಬಿಟ್ಟು ಗುಂಡಗಾದದ್ದು. ಇಲ್ಲಿ ಉಜ್ಜಿ ನುಣ್ಣಗಾದದ್ದು. ಕಲ್ಲಿನ ವಯಸ್ಸು ಮಾತ್ರ ಎರಡು ಕಡೆಯೂ ಹತ್ತತ್ತಿರ ಅಷ್ಟೇ, ಸುಮಾರು 270 ಕೋಟಿ ವರ್ಷ. ನಮ್ಮ ಕೆ.ಜಿ.ಎಫ್. ಚಿನ್ನದ ಕಲ್ಲಿಗೂ ಅಷ್ಟೇ ವಯಸ್ಸು. ಬೆಟ್ಟ ಮೇಲೆದ್ದಿದ್ದು ಮಾತ್ರ ಈಚೆಗೆ, ಒಂದು ಕೋಟಿ ವರ್ಷದೊಳಗೆ.

ಮೇಲಿಂದ ಕೆರೆ ಪೂರ್ತಿ ಕಾಣುತ್ತೆ. ನಾನು ಯಾವುದಕ್ಕಾಗಿ ಈ ವಿಮರ್ಶೆ ಬರೆಯುತ್ತಿದ್ದೇನೋ ಅದು ಕಂಡಿದ್ದು ಇಲ್ಲಿಂದಲೇ. ನೀಲಿ ನೀರು. ಅದರ ಸುತ್ತ ದಟ್ಟ ಹಸಿರು ಕಾಡಿನ ಪಟ್ಟಿ. ಆ ಪಟ್ಟಿ ದಾಟಿದ ಕೂಡಲೇ ಬೋಳು ಬಯಲು, ಬೂದು ಬಣ್ಣದ ಕುರುಚಲು, ಕಣ್ಣು ಹಾಯುವ ತನಕ. ಕಾಡು ಮೆಲ್ಲಗೆ ಕಡಿಮೆಯಾಗಲ್ಲ. ಗೆರೆ ಎಳೆದ ಹಾಗೆ ನಿಲ್ಲುತ್ತೆ. ಯಾರೋ ಕೆರೆ ಸುತ್ತ ಅಳತೆ ಮಾಡಿ ಮರ ನೆಟ್ಟಂತೆ. ಅರಣ್ಯ ಇಲಾಖೆಯವರು ನೆಟ್ಟಿದ್ದೇನೋ ಅಂತ ಕೇಳಿದೆ. ಮಗಳು ನಕ್ಕಳು.

ಕಾಡು ಇರುವುದು ಏರಿಯ ಮೇಲೆ. ಏರಿ ಎಲ್ಲಿಯವರೆಗೋ ಕಾಡು ಅಲ್ಲಿಯವರೆಗೆ.

ಯಾಕೆ ಅಂತ ಗೊತ್ತಾಗಬೇಕಾದರೆ ವಾಪಸ್ ದೋಣಿ ಹತ್ತಬೇಡಿ, ನಡೆದು ಬನ್ನಿ. ದಕ್ಷಿಣದ ದಡ ಹಿಡಿದರೆ ಮೂರು ಕಿಲೋಮೀಟರ್ ಚಿಲ್ಲರೆ. ನಾವು ಒಂದು ಕಡೆಯ ಟಿಕೆಟ್ಟೇ ತಗೊಂಡಿದ್ದೆವು. ದಾರಿ ಏರಿಯ ಮೇಲೇ ಹತ್ತಿ ಇಳಿಯುತ್ತೆ. ಒಂದು ಕಡೆ ದಾರಿಗಾಗಿ ಮಣ್ಣು ಕಡಿದಿದ್ದಾರೆ, ಏರಿಯ ಹೊಟ್ಟೆ ಕಾಣುತ್ತೆ. ಅಲ್ಲಿ ಮಂಡಿಯೂರಿ ಕೂತೆ. ಆಳೆತ್ತರದ ಗುಂಡು, ಅದರ ಪಕ್ಕ ತೆಂಗಿನಕಾಯಿ ಗಾತ್ರದ್ದು, ಅದರ ಪಕ್ಕ ಗೋಲಿ ಗಾತ್ರದ್ದು, ನಡುವೆ ಹಿಟ್ಟಿನಂಥ ಮಣ್ಣು. ಪದರ ಇಲ್ಲ, ಜರಡಿ ಹಿಡಿದಿಲ್ಲ, ಎಲ್ಲ ಒಟ್ಟಿಗೆ. ನೀರು ಹೊತ್ತು ತಂದಿದ್ದರೆ ದಪ್ಪದ್ದು ಒಂದು ಕಡೆ, ಸಣ್ಣದು ಒಂದು ಕಡೆ ಬೇರೆಯಾಗುತ್ತಿತ್ತು. ಐಸಿಗೆ ಆ ಭೇದ ಇಲ್ಲ, ಹೊತ್ತದ್ದನ್ನು ಹಾಗೇ ಸುರಿಯುತ್ತೆ.

ಒಂದು ಹಿಡಿ ಮಣ್ಣು ತಗೊಂಡು ಅಂಗೈಯಲ್ಲಿ ಹಿಸುಕಿದೆ. ತಾತ ಹೀಗೆ ನೋಡುತ್ತಿದ್ದರು. ಬೆಳಗಿನ ತೇವಕ್ಕೆ ಅದು ಉಂಡೆಯಾಗಿ ನಿಂತಿತು, ಬೆರಳಿನ ಗುರುತು ಉಳಿಯಿತು. ಅಂಟು ಇದೆ. ಬಂಡೆಯನ್ನು ಐಸ್ ಅರೆದು ಮಾಡಿದ ಹಿಟ್ಟು ಅದು. ನೀರು ಹಿಡಿಯುತ್ತೆ, ಅದಕ್ಕೇ ಅಲ್ಲಿ ಮರ. ಉಂಡೆಯನ್ನು ಇದ್ದಲ್ಲೇ ಇಟ್ಟೆ. ಉದ್ಯಾನದಿಂದ ಕಲ್ಲೂ ಮಣ್ಣೂ ತರುವಂತಿಲ್ಲ, ಗೊತ್ತಿರಲಿ.

ಆಚೆಯ ಬಯಲು ಐಸ್ ಕರಗಿದ ನೀರು ಹರಡಿದ್ದು. ಆ ನೀರು ಸಣ್ಣ ಹಿಟ್ಟನ್ನೆಲ್ಲ ತೊಳೆದುಕೊಂಡು ಹೋಗಿ ಬರೀ ಉರುಟು ಕಲ್ಲು, ಜಲ್ಲಿ ಬಿಟ್ಟಿದೆ. ಮಳೆ ಬಿದ್ದರೆ ಇಂಗಿ ಪಾತಾಳಕ್ಕೆ. ಅಲ್ಲಿ ಸೇಜ್‌ಬ್ರಷ್ ಅನ್ನುವ ಕುರುಚಲು, ಹುಲ್ಲು ಬಿಟ್ಟರೆ ಹೆಚ್ಚೇನೂ ಏಳಲ್ಲ. ಅದರ ಎಲೆ ಉಜ್ಜಿ ಮೂಸಿ ನೋಡಿ, ಮಾಚಿಪತ್ರೆಯ ಘಾಟು ಬರುತ್ತೆ. ಎರಡೂ ಅದೇ ಬೆಟ್ಟದ ಕಲ್ಲೇ. ಒಂದನ್ನು ಐಸ್ ಇಟ್ಟಿತು, ಇನ್ನೊಂದನ್ನು ನೀರು ಜರಡಿ ಹಿಡಿಯಿತು. ಒಂದರ ಮೇಲೆ ಕಾಡು, ಇನ್ನೊಂದರ ಮೇಲೆ ಕುರುಚಲು. ಮಣ್ಣು ನೋಡಿ ಬೆಳೆ ಇಡುವವನಿಗೆ ಇದು ಅರ್ಥವಾಗಲು ಪುಸ್ತಕ ಬೇಡ.

ಒಂದು ವಿಷಯಕ್ಕೆ ಮಾತ್ರ ತಾತ ಒಪ್ಪುತ್ತಿರಲಿಲ್ಲ. ಏರಿಯ ಮೇಲೆ ಮರ. ನಮ್ಮೂರ ಏರಿಯಲ್ಲಿ ಒಂದು ಅರಳಿ ಸಸಿ ತಲೆಯೆತ್ತಿದರೂ ಅವರು ಹೋಗಿ ಕಿತ್ತು ಬರುತ್ತಿದ್ದರು. ಬೇರು ಇಳಿದು ಸತ್ತರೆ ಒಳಗೆ ಕೊಳವೆಯಾಗುತ್ತೆ, ನೀರು ಅದೇ ದಾರಿ ಹಿಡಿಯುತ್ತೆ ಅಂತ. ಮಳೆಗಾಲದ ರಾತ್ರಿ ಲಾಟೀನು ಹಿಡಿದು ಏರಿಯ ಹೊರಮೈ ಉದ್ದಕ್ಕೂ ಬರಿಗಾಲಲ್ಲಿ ನಡೆಯುತ್ತಿದ್ದರು. ಒದ್ದೆ ಎಲ್ಲಿದೆ ಅಂತ ಪಾದಕ್ಕೆ ಗೊತ್ತಾಗಬೇಕು. ತೂಬಿನ ಕಲ್ಲುಕಂಬದ ನಡುವಿನ ಗೂಟ ಎತ್ತುವ ಇಳಿಸುವ ಹಕ್ಕು ಅವರೊಬ್ಬರದ್ದೇ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಅವರು ಹೇಳಿದ್ದೇ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಪಾಲಿನ ಭತ್ತ ಅಳೆದು ಕೊಡುತ್ತಿದ್ದರು. ಈಗ ಭತ್ತವೂ ಇಲ್ಲ, ನೀರುಗಂಟಿಯೂ ಇಲ್ಲ. ತೂಬಿನ ಕಂಬಕ್ಕೆ ಎಮ್ಮೆ ಕಟ್ಟುತ್ತಾರೆ.

ಇಲ್ಲಿ ಏರಿ ತುಂಬಾ ಮರ, ಆದರೂ ಕೆರೆ ನಿಂತಿದೆ. ಯಾಕಂದ್ರೆ ಇದು ನಮ್ಮ ಏರಿಯ ಹಾಗೆ ಹತ್ತಿಪ್ಪತ್ತು ಗಜದ್ದಲ್ಲ, ಒಂದು ಸಣ್ಣ ಗುಡ್ಡವೇ. ಬೇರು ಎಷ್ಟು ಇಳಿದೀತು?

ಜಾಸ್ತಿ ಇರುವುದು ಲಾಡ್ಜ್‌ಪೋಲ್ ಪೈನ್, ಸರ್ವೆ ಗಳದ ಹಾಗೆ ನೆಟ್ಟಗೆ, ಸಣ್ಣಗೆ. ಅಲ್ಲಿಯ ಮೂಲನಿವಾಸಿಗಳು ಗುಡಾರ ಎತ್ತಲು ಇದರ ಗಳವನ್ನೇ ಬಳಸುತ್ತಿದ್ದರು, ಹೆಸರು ಬಂದದ್ದು ಅದರಿಂದಲೇ. ಇದರ ಎಷ್ಟೋ ಕಾಯಿಗಳು ಅಂಟು ಮೆತ್ತಿಕೊಂಡು ವರ್ಷಗಟ್ಟಲೆ ಮುಚ್ಚಿಕೊಂಡೇ ಇರುತ್ತವೆ. ಕಾಡಿಗೆ ಬೆಂಕಿ ಬಿದ್ದಾಗ ಆ ಅಂಟು ಕರಗಿ ಬಾಯಿ ಬಿಟ್ಟು ಬೀಜ ಉದುರಿಸುತ್ತವೆ. ಒಂದು ಕಾಯಿ ಎತ್ತಿ ನೋಡಿದೆ. ಕಲ್ಲಿನ ಹಾಗೆ ಗಟ್ಟಿ, ಉಗುರು ಹೋಗಲಿಲ್ಲ. ನಡುವೆ ಸ್ಪ್ರೂಸ್, ಫರ್ ಮರಗಳೂ ಇವೆ. ಗುರುತು ಹಿಡಿಯಲು ಮೊಮ್ಮಗಳು ಕಲಿಸಿಕೊಟ್ಟಳು. ಎಲೆ ಮುಟ್ಟಿದರೆ ಚುಚ್ಚಿದರೆ ಸ್ಪ್ರೂಸ್, ಚುಚ್ಚದಿದ್ದರೆ ಫರ್. ಶಾಲೆಯಲ್ಲಿ ಹೇಳಿಕೊಟ್ಟಿದ್ದಾರಂತೆ.

ಸೊಳ್ಳೆ ಬಗ್ಗೆ ಯಾರೂ ಹೇಳಿರಲಿಲ್ಲ! ಐಸಿನ ಕೆರೆ, ಇಷ್ಟು ಚಳಿ, ಇಲ್ಲೆಲ್ಲಿ ಸೊಳ್ಳೆ ಅಂದುಕೊಂಡಿದ್ದೆ. ನಮ್ಮ ಕೋಲಾರಮ್ಮನ ಕೆರೆಯ ಸೊಳ್ಳೆ ಇದರ ಮುಂದೆ ಸಾಧು. ಜೂನ್, ಜುಲೈಯಲ್ಲಿ ಹೋಗುವವರು ಮೈಗೆ ಹಚ್ಚುವ ಕ್ರೀಮ್ ಮರೆಯಬೇಡಿ.

ಕರಡಿಯೂ ಇದೆ. ಎಲ್ಲರ ಸೊಂಟದಲ್ಲೂ ಕರಡಿ ಸ್ಪ್ರೇ ನೇತಾಡುತ್ತಿರುತ್ತೆ. ಕರಡಿ, ತೋಳದಿಂದ ನೂರು ಗಜ ದೂರ, ಬೇರೆ ಪ್ರಾಣಿಯಿಂದ ಇಪ್ಪತ್ತೈದು ಗಜ ದೂರ ಇರಬೇಕು ಅಂತ ನಿಯಮ. ತಿಂಡಿಯನ್ನು ಬಿಟ್ಟು ಕದಲುವ ಹಾಗಿಲ್ಲ. ನಾವು ಪುಳಿಯೋಗರೆ ಒಯ್ದಿದ್ದೆವು, ಡಬ್ಬಿ ಕೊನೆಯವರೆಗೂ ನನ್ನ ಕಂಕುಳಲ್ಲೇ. ಕಸದ ಡಬ್ಬಕ್ಕೆ ಕೂಡ ಕರಡಿ ತೆಗೆಯಲಾರದ ಚಿಲಕ. ಒಳಗೆ ಕೈ ತೂರಿಸಿ ಮೇಲಕ್ಕೆ ಒತ್ತಬೇಕು. ನಮ್ಮ ಮನೆಯವಳು ಎರಡು ನಿಮಿಷ ಗುದ್ದಾಡಿ, "ಕರಡಿ ಇರಲಿ, ನನಗೇ ಬರ್ತಿಲ್ಲ" ಅಂತ ಎಲೆ ವಾಪಸ್ ಬ್ಯಾಗಿಗೆ ಹಾಕಿಕೊಂಡಳು. ಕರಡಿ ಕಾಣಲಿಲ್ಲ. ಮೂಸ್ ಅನ್ನುವ ಭಾರೀ ಜಿಂಕೆ ಕಂಡಿತು. ಕೆರೆಯ ನೈರುತ್ಯಕ್ಕೆ ಏರಿಯ ಕೆಳಗೆ ಮೂಸ್ ಪಾಂಡ್ಸ್ ಅಂತ ಸಣ್ಣ ಕುಂಟೆಗಳಿವೆ. ಒಂದರಲ್ಲಿ ಹೊಟ್ಟೆ ಮಟ್ಟ ನಿಂತು ನೀರೊಳಗಿನ ಹುಲ್ಲು ಮೇಯುತ್ತಿತ್ತು. ಎಮ್ಮೆಗಿಂತ ಎತ್ತರ, ಒಂಟೆಯ ಮೂತಿ. ತಲೆ ಎತ್ತಿದಾಗ ಮೂತಿಯಿಂದ ಧಾರೆಯಾಗಿ ನೀರು ಸುರಿಯಿತು. ಐದು ನಿಮಿಷ ಯಾರೂ ಮಾತಾಡಲಿಲ್ಲ, ಮೊಮ್ಮಗಳೂ.

ಕೆರೆಯ ಹೆಸರಿನ ಕಥೆ ಬೇಡವಾಗಿತ್ತು ಅನ್ನಿಸಿತು, ಆದರೂ ಹೇಳುತ್ತೇನೆ. ಜೆನ್ನಿ ಶೊಶೋನಿ ಬುಡಕಟ್ಟಿನ ಹೆಣ್ಣುಮಗಳು. ಅವಳ ಗಂಡ ಬೀವರ್ ಡಿಕ್ ಲೀ, ಬೀವರ್ ಅನ್ನುವ ತುಪ್ಪಳದ ನೀರುಪ್ರಾಣಿ ಹಿಡಿದು ಬದುಕುತ್ತಿದ್ದವನು. 1872ರಲ್ಲಿ ಸರ್ವೆ ಮಾಡಲು ಬಂದವರಿಗೆ ಇವರು ದಾರಿ ತೋರಿಸಿದರು, ಅವರು ಒಂದು ಕೆರೆಗೆ ಅವನ ಹೆಸರು, ಒಂದಕ್ಕೆ ಅವಳ ಹೆಸರು ಇಟ್ಟರು. ನಾಲ್ಕು ವರ್ಷಕ್ಕೆ, 1876ರಲ್ಲಿ, ಸಿಡುಬು ಬಂದು ಜೆನ್ನಿಯೂ ಆರು ಮಕ್ಕಳೂ ಸತ್ತರು. ಅವನೊಬ್ಬ ಉಳಿದ. ನಮ್ಮ ಕಡೆ ಕೆರೆ ನಿಲ್ಲಬೇಕಾದರೆ ಹೆಣ್ಣು ಬಲಿಯಾದ ಕಥೆಗಳಿವೆಯಲ್ಲ, ನಮ್ಮ ಮನೆಯವಳಿಗೆ ಅದೇ ನೆನಪಾಯಿತಂತೆ. ದಡದಲ್ಲಿ ಬಗ್ಗಿ ಬೊಗಸೆ ನೀರು ಎತ್ತಿ ಬಿಟ್ಟಳು. ಕೈ ಮರಗಟ್ಟಿತು ಅಂದಳು.

ಮಾರನೇ ದಿನ ಪಕ್ಕದ ಜಾಕ್ಸನ್ ಕೆರೆಗೂ ಹೋದೆವು. ಅದೂ ಐಸಿನ ಕೆರೆಯೇ, ಬಲು ದೊಡ್ಡದು. ಆದರೆ ಅದಕ್ಕೆ ಮನುಷ್ಯ ಕೈ ಹಾಕಿದ್ದಾನೆ. ಪಕ್ಕದ ಐಡಹೊ ರಾಜ್ಯದ ರೈತರಿಗೆ ನೀರು ಬೇಕು ಅಂತ ಮೊದಲು ಮರದ ದಿಮ್ಮಿಗಳ ಕಟ್ಟೆ ಹಾಕಿದರು. 1910ರಲ್ಲಿ ಅದು ಒಡೆಯಿತು. 1911ರಲ್ಲಿ ಕಾಂಕ್ರೀಟಿನದ್ದು ಕಟ್ಟಿ 1916ರಲ್ಲಿ ಎತ್ತರಿಸಿದರು. ನೀರು 39 ಅಡಿ ಮೇಲೆ ಬಂತು. ಅಲ್ಲಿ ಗೇಟುಗಳನ್ನು ನೋಡಿ ನನಗೆ ಸಮಾಧಾನವಾಯಿತು. ಜೆನ್ನಿ ಚೆಂದ, ಆದರೆ ತೂಬು ನೋಡದೆ ಒಂದು ಥರ ಆಗಿತ್ತು.

ಇನ್ನು ಯಾರು ಹೋಗಬಹುದು? ಮಂಡಿ ನೋವಿದ್ದವರು ದೋಣಿಯಲ್ಲಿ ಹೋಗಿ ದಡದಲ್ಲೇ ಕೂತು ದೋಣಿಯಲ್ಲೇ ಬರಬಹುದು, ನಷ್ಟವಿಲ್ಲ. ಮೇಲೆ ಹತ್ತುವವರು ನೀರು ಜಾಸ್ತಿ ಒಯ್ಯಿರಿ, ಎತ್ತರಕ್ಕೆ ಉಸಿರು ಕಟ್ಟುತ್ತೆ. ಫೋನು ಸಿಗಲ್ಲ ಅಂದುಕೊಂಡೇ ಹೋಗಿ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದುಂಟು, ಬೆಳಗ್ಗೆಯೇ ಮುಗಿಸಿಕೊಳ್ಳಿ. ದೋಣಿಯಲ್ಲಿ ಹಿಂದಿನ ಸೀಟು ಹಿಡಿಯಿರಿ. ಮುಂದೆ ಬೆಟ್ಟ ಹೇಗೂ ಕಾಣುತ್ತೆ. ಹಿಂದಕ್ಕೆ ತಿರುಗಿದರೆ ಏರಿ, ಏರಿಯ ಮೇಲಿನ ಕಾಡು, ಅದು ತಗ್ಗಿ ದಾರಿ ಬಿಟ್ಟ ಕೋಡಿ, ಎಲ್ಲ ಒಂದೇ ಗೆರೆಯಲ್ಲಿ ಕಾಣುತ್ತೆ.

ಬೂಟನ್ನು ವಾಪಸ್ ಬಂದ ಮೇಲೆ ಅಂಗಡಿಗೆ ಒಯ್ದೆ. ಅವರು ರಬ್ಬರ್ ಬ್ಯಾಂಡ್ ನೋಡಿ, "ಸಾರ್, ನೀರಲ್ಲಿ ಹಾಕಿದ್ರಾ?" ಅಂದರು. ಬೆಟ್ಟಕ್ಕೆ ಅಂತ ಕೊಟ್ಟಿರಿ, ಬೆಟ್ಟದಲ್ಲಿ ನೀರಿತ್ತು ಅಂದೆ. ಅಂಟು ಹಾಕಿಕೊಟ್ಟರು. ಈಗ ತೋಟಕ್ಕೆ ಹಾಕಿಕೊಳ್ಳುತ್ತೇನೆ, ತಕರಾರಿಲ್ಲ.

ನಮ್ಮೂರ ಏರಿಯ ಮೇಲಿನ ಟೀ ಅಂಗಡಿಯಲ್ಲಿ ಇದನ್ನೆಲ್ಲ ಹೇಳಿದಾಗ ಒಬ್ಬ ಹಳೇ ಸ್ನೇಹಿತ ಪೂರ್ತಿ ಕೇಳಿಸಿಕೊಂಡ. ಕೊನೆಗೆ, "ತೂಬಿಲ್ಲ ಅಂತೀಯ. ತೂಬಿಲ್ಲದ ಕೆರೆ ಇಟ್ಕೊಂಡು ಏನಣ್ಣ ಮಾಡ್ತಾರೆ ಅವರು?" ಅಂದ.

"ನೋಡ್ತಾರೆ" ಅಂದೆ.

"ನೋಡೋಕೆ ಟಿಕೆಟ್ಟಾ?"

"ನಾನು ಹೇಳಿದ್ದು ದೋಣಿಗೆ."

ಎಷ್ಟು ಅಂತ ಕೇಳಿದ. ರೂಪಾಯಿಗೆ ತಿರುಗಿಸಿ ಹೇಳಿದೆ. ಟೀ ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ನಮ್ಮ ಕೆರೆಯ ಕಡೆ ನೋಡಿದ. ಅರ್ಧ ನೀರು, ಅರ್ಧ ಜಾಲಿ.

"ಬರೋವಾಗ ನಡ್ಕೊಂಡು ಬಂದೆ ಅಂದೆಯಲ್ಲ" ಅಂದ. "ಒಳ್ಳೇ ಕೆಲಸ ಮಾಡ್ದೆ ಬಿಡು."